ರೇಡಿಯೇಟರ್ ಪೈಪು ಮತ್ತು ನಾಯಿಗಳು

ಸ್ನೇಹಿತರೇ, ನನ್ನ ಹಳೆಯ ಫಾರಿನ್ ಬೈಕಿನ ರೇಡಿಯೇಟರ್ ಪೈಪ್ ಇವತ್ತು ಒಡೆಯಿತು. ರಾಮನಗರದ ಸ್ಪೇರ್ ಅಂಗಡಿಯ ಗೆಳೆಯ ನಕ್ಕ. "ಬೈಕ್‌ಗೆ ರೇಡಿಯೇಟರಾ? ಟ್ರ್ಯಾಕ್ಟರ್ ಏನ್ಲಾ ಇದು? ಬಿಡದೀಲಿ ಕಾರೇ ಮಾಡ್ತಾರೆ, ಅಲ್ಲೋಗಿ ಕೇಳು."

ಒಡೆದ ಪೈಪ್ ಹಿಡಿದು ಬಸ್ಸಿನಲ್ಲಿ ಹೋದೆ. ಫ್ಯಾಕ್ಟರಿ ಗೇಟಿನ ವಾಚ್‌ಮನ್, "ಇದ್ನ ಗುಜರಿಗಾಕೋಗಿ" ಎಂದು ವಾಪಸ್ ಕಳಿಸಿದ.

ಕೊನೆಗೆ ಪಕ್ಕದ ಮನೆಯಲ್ಲಿ ಗೂಡಿನಿಂದ ರೇಷ್ಮೆ ನೂಲು ತೆಗೆಯುವ ರೀಲರ್ ರಶೀದಣ್ಣ, ಗೂಡು ಬೇಯಿಸುವ ತೊಟ್ಟಿಯ ಹಳೆಯ ಪೈಪ್ ಕುಯ್ದು ಸಿಕ್ಕಿಸಿಕೊಟ್ಟರು. ಎಂಜಿನ್ ಕಾದದ್ದೇ ತಡ, ಬೆಂದ ರೇಷ್ಮೆಹುಳುವಿನ ನಾತ.

"ವಾಸ್ನೆ ಬತ್ತೈತಲ್ಲಣ್ಣಾ" ಎಂದೆ.

ಅವರು ಬಗ್ಗಿ ಮೂಸಿ, "ಯಾವ ವಾಸ್ನೆ?" ಎಂದರು. ಇಡೀ ರೀಲರುಗಳ ಬೀದಿಯನ್ನೇ ಕೇಳಿದೆ. ಯಾರಿಗೂ ಬರುತ್ತಿಲ್ಲವಂತೆ. ಮಾಗಡಿಯಿಂದ ಬಂದು ಇಲ್ಲಿ ನೆಲೆಸಿದ ನನ್ನ ಮೂಗೇ ಸರಿಯಿಲ್ಲವಂತೆ.

ನನ್ನ ಮಾತು ನಂಬಿದ್ದು ನಾಯಿಗಳು ಮಾತ್ರ. ಬೈಕ್ ಹತ್ತಿ ಹೊರಟರೆ ಬಸ್‌ಸ್ಟ್ಯಾಂಡಿನವರೆಗೂ ಅಟ್ಟಿಸಿಕೊಂಡು ಬಂದವು.