ಶನಿವಾರ ಹಳೇಬೀಡಿನಲ್ಲೇ ಬಿಟ್ಟು ಬಂದ ಲೇತು

ಹದಿನಾರು ಸಾವಿರ ಕೊಟ್ಟೆ. ಹಳೇಬೀಡಿನ ಗ್ಯಾರೇಜಿನವರು ಕೇಳಿದ್ದು ಇಪ್ಪತ್ತೈದು. ಮೇಜಿನ ಮೇಲೆ ಕೂರುವಷ್ಟೇ ಗಾತ್ರದ, ಕಬ್ಬಿಣ ಹಿತ್ತಾಳೆ ಕಡೆಯುವ ಹಳೆಯ ಲೇತು. ಗುಜರಿಗೆ ಹಾಕಿದರೆ ಅದರ ಅರ್ಧವೂ ಹುಟ್ಟುವುದಿಲ್ಲ. ಆದರೂ ಕೊಟ್ಟೆ. ಅದು ಎಂಥ ಮಾಲೆಂದು ನನಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ.

ಅರಸೀಕೆರೆಯಲ್ಲಿ ಪಂಪ್‌ಸೆಟ್ಟಿನ ಬಿಡಿಭಾಗ ಮಾರುತ್ತಲೇ ನನ್ನ ಆಯುಷ್ಯ ಕಳೆಯಿತು. ಬರಿಗೈಯಲ್ಲಿ ಬಂದು ಅಂಗಡಿ ಕಟ್ಟಿದವನು ನಾನು. ಮೊಣಕಾಲು ಕೈಕೊಟ್ಟ ಮೇಲೆ ಅಂಗಡಿಯನ್ನು ಬಾಡಿಗೆಗೆ ಬಿಟ್ಟೆ. ಬೆಳಗಾದರೆ ಏನು ಮಾಡುವುದೆಂದು ತೋಚುತ್ತಿರಲಿಲ್ಲ. ಇಷ್ಟು ದಿನ ಬೇರೆಯವರು ಮಾಡಿದ್ದನ್ನು ಮಾರಿದ್ದಾಯಿತು, ಇನ್ನಾದರೂ ಪಂಪಿನ ದಂಡ ಕೂರುವ ಬಳೆಯನ್ನು, ಒಂದು ಹಿತ್ತಾಳೆ ಬುಷ್ಷನ್ನು ನನ್ನ ಕೈಯಾರೆ ಕಡೆಯಬೇಕು, ಉಳಿದ ದಿನಗಳನ್ನು ಹಾಗೇ ಕಳೆಯಬೇಕು ಎನ್ನಿಸಿತ್ತು. ಬೇರೆ ಯಾವ ಆಸೆಯೂ ಉಳಿದಿರಲಿಲ್ಲ.

ಲೇತಿನ ಗುರುತು ಹಿಡಿದದ್ದು ನನ್ನ ಗೆಳೆಯ, ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ದುಡಿದು ನಿವೃತ್ತನಾದವನು. ನಾನು ಗ್ಯಾರೇಜಿನಿಂದಲೇ ಫೋಟೋ ಕಳಿಸುತ್ತಾ ಹೋದೆ, ಅವನು ಅಲ್ಲಿ ಒರೆಸು, ಇಲ್ಲಿ ತೋರಿಸು ಎನ್ನುತ್ತಾ ಹೋದ. ಜಿಡ್ಡು ಕೆರೆದಾಗ ಬೆಡ್ಡಿನ ತುದಿಯಲ್ಲಿ ಒತ್ತಿದ ನಂಬರು ಕಂಡಿತು. ಸ್ವಾತಂತ್ರ್ಯಕ್ಕೂ ಮೊದಲು ಇಂಗ್ಲೆಂಡಿನಲ್ಲಿ ತಯಾರಾದದ್ದು ಎಂದ. ಅರೇಹಳ್ಳಿ ಕಡೆಯ ಕಾಫಿ ತೋಟವೊಂದರಲ್ಲಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ರಿಪೇರಿಗೆ ಇತ್ತಂತೆ, ಗ್ಯಾರೇಜಿನವರ ತಂದೆ ಅಲ್ಲಿಂದ ತಂದದ್ದಂತೆ. ಬೆಡ್ಡೆಂದರೆ ಉಳಿ ಹಿಡಿದ ಭಾಗ ಹಿಂದೆ ಮುಂದೆ ಜಾರುವ ಹಳಿ, ಲೇತಿನ ಬೆನ್ನುಮೂಳೆ. ಅದರ ಮೈತುಂಬ ಮೀನಿನ ಹುರುಪೆಯಂಥ ಗುರುತುಗಳಿದ್ದವು. ಎಂದೋ ಯಾರೋ ಕೈಯಲ್ಲಿ ಕೆರೆದು ಕೆರೆದು ಸಮ ಮಾಡಿದ ಗುರುತು.

"ಆ ಗುರುತು ಇನ್ನೂ ಉಳಿದೈತೆ ಅಂದ್ರೆ ಬೆಡ್ಡು ಸವೆದಿಲ್ಲ ಕಣಯ್ಯ. ಬಾಯಿ ಮುಚ್ಕೊಂಡು ಕೇಳಿದಷ್ಟು ಕೊಟ್ಟು ತಗೊಂಡು ಬಾ," ಎಂದ ಗೆಳೆಯ.

ಕೇಳಿದಷ್ಟು ಕೊಟ್ಟು ನನಗೆ ಅಭ್ಯಾಸವಿಲ್ಲ. ಆ ಗುರುತುಗಳ ಮೇಲೇ ಬೆರಳಿಟ್ಟು, "ಏನಣ್ಣಾ ಇದು, ಮೈಯೆಲ್ಲಾ ತುಕ್ಕು ತಿಂದು ಕಜ್ಜಿ ಎದ್ದಂಗೈತೆ. ಇದನ್ನ ನುಣ್ಣಗೆ ಮಾಡ್ಸೋಕೇ ನನ್ನ ದುಡ್ಡೆಲ್ಲಾ ಹೋಯ್ತದೆ," ಎಂದೆ. ಅವರ ಮುಖ ಸಣ್ಣದಾಯಿತು. ಚೌಕಾಸಿ ಅಲ್ಲಿಗೇ ಮುಗಿಯಿತು.

ಅವತ್ತು ಶನಿವಾರ. ಶನಿವಾರ ಕಬ್ಬಿಣ ಮನೆಗೆ ತರುವವರಲ್ಲ ನಾವು. ಮುಂಗಡ ಕೊಟ್ಟು, ನಾಳೆ ಗಾಡಿ ತರುತ್ತೇನೆಂದು ಹೇಳಿ ಬಸ್ಸು ಹತ್ತಿದೆ.

ಭಾನುವಾರ ಹೋದರೆ ಲೇತು ಹೊಸ ಸ್ಟೀಲ್ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಮೇಲೆ ಕುಂಕುಮ, ಒಂದು ದಾಸವಾಳ. ಪಕ್ಕದಲ್ಲಿ ಕಬ್ಬಿಣ ಉಜ್ಜುವ ಕೈ ಗ್ರೈಂಡರು. ಹುರುಪೆಯ ಗುರುತು ಒಂದೂ ಇರಲಿಲ್ಲ. ತುದಿಯ ನಂಬರೂ ಅಳಿಸಿಹೋಗಿತ್ತು.

"ನೀವು ಹೇಳಿದ ಮ್ಯಾಲೆ ನಿದ್ದೆ ಬರ್ಲಿಲ್ಲ ಯಜಮಾನ್ರೇ. ದುಡ್ಡು ಇಸ್ಕೊಂಡು ಐಬಿನ ಮಾಲು ಕೊಡಾಕಾಯ್ತದಾ? ನಾನೇ ಉಜ್ಜಿಬಿಟ್ಟೆ," ಎಂದರು.

ಆ ಐಬಿಗೋಸ್ಕರವೇ ಕೊಳ್ಳುತ್ತಿದ್ದೆ ಎನ್ನಲೇ? ಬಾಕಿ ಎಣಿಸಿ ಕೊಟ್ಟು ಗಾಡಿಗೆ ಹೇರಿಸಿದೆ.

ಮಿಕ್ಕದ್ದೆಲ್ಲಾ ಸರಿಹೋಯಿತು, ಅದೇ ನೋವು. ಸೀಮೆಎಣ್ಣೆಯಲ್ಲಿ ಒಂದೊಂದು ಭಾಗವನ್ನೂ ತೊಳೆದೆ. ಚರ್ಮದ ಬೆಲ್ಟು ಹೊಸದು ಹಾಕಿಸಿದೆ. ಗಾಲಿ ಬೆರಳಲ್ಲಿ ತಳ್ಳಿದರೆ ಸದ್ದಿಲ್ಲದೆ ತಿರುಗಿತು. ಮೊದಲ ಹಿತ್ತಾಳೆ ಸರಳು ಹಾಕಿ ಕಡೆದೆ. ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ, ನಡುವೆ ಅಲೆ ಅಲೆ. ಗೆಳೆಯ ಬಂದು ಬೆಡ್ಡಿನ ಮೇಲೆ ನೇರ ಅಂಚಿನ ಉಕ್ಕಿನ ಪಟ್ಟಿ ಇಟ್ಟ. ಅದರಡಿ ಸಿಗರೇಟಿನ ಕಾಗದ ಮೂರು ಕಡೆ ಸರಾಗವಾಗಿ ನುಗ್ಗಿತು, ಅಂದರೆ ಗ್ರೈಂಡರು ಅಲ್ಲೆಲ್ಲಾ ತಗ್ಗು ತೋಡಿತ್ತು. ಅವನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬೆಡ್ಡು ಸಮ ಮಾಡಿಕೊಡುವ ಬೆಂಗಳೂರಿನ ವರ್ಕ್‌ಶಾಪುಗಳಿಗೆ ಫೋನು ಮಾಡಿದೆ. ಇಷ್ಟು ಚಿಕ್ಕ ಬೆಡ್ಡಿಗೆ ಮೆಷಿನ್ ಹೂಡುವುದಿಲ್ಲ ಎಂದರು. ಹೂಡಬಲ್ಲೆವೆಂದವರು ಕೇಳಿದ ಹಣಕ್ಕೆ ಹೊಸ ಲೇತೇ ಬರುತ್ತಿತ್ತು. ಕೈಯಲ್ಲೇ ಕೆರೆಯೋಣವೆಂದರೆ ಗೆಳೆಯನ ಭುಜ ಮೇಲೇಳುವುದಿಲ್ಲ. ನಾನೇ ಕೆರೆಯಲು ಕೂತೆ. ಒಂದು ತಗ್ಗು ಸರಿಮಾಡಲು ಹೋಗಿ ಇನ್ನೊಂದು ಮಾಡಿದೆ. ಕೊನೆಗೆ ಗೋಣಿಚೀಲ ಹೊದಿಸಿ ಲೇತಿಟ್ಟ ಕೋಣೆಯ ಬಾಗಿಲು ಎಳೆದುಕೊಂಡೆ. ಈಗ ಬೆಳಿಗ್ಗೆ ಎದ್ದು ಆ ಬಾಗಿಲ ಎದುರಿನ ಜಗಲಿಯಲ್ಲೇ ಕೂರುತ್ತೇನೆ. ಇನ್ನೊಂದನ್ನು ಹುಡುಕುವ ಶಕ್ತಿಯಿಲ್ಲ.

ಗ್ಯಾರೇಜಿನವರು ಆಗಾಗ ಫೋನು ಮಾಡುತ್ತಾರೆ. "ಇನ್ನೂ ಹೊಳೀತೈತಾ ಯಜಮಾನ್ರೇ?" ಎನ್ನುತ್ತಾರೆ. "ಹೊಳೀತೈತೆ ಕಣಣ್ಣ," ಎನ್ನುತ್ತೇನೆ.

ನೀವು ಇಂಥದ್ದನ್ನು ಕೊಳ್ಳಲು ಹೊರಟಿದ್ದರೆ ಕೇಳಿ. ಜೇಬಿನಲ್ಲಿ ಉಕ್ಕಿನ ಪಟ್ಟಿಯೊಂದಿರಲಿ, ಸಿಗರೇಟಿನ ಕಾಗದವಿರಲಿ. ಬೆಡ್ಡಿನ ಮೇಲಿನ ತುಕ್ಕನ್ನು ಡೀಸೆಲ್ ಬಟ್ಟೆಯಲ್ಲಿ ಒರೆಸಿ, ಉಪ್ಪುಕಾಗದವನ್ನೂ ಮುಟ್ಟಿಸಬೇಡಿ. ಬೆಲೆ ಇಳಿಸಬೇಕೆಂದರೆ ನಿಮ್ಮ ಬಡತನ ಹೇಳಿಕೊಳ್ಳಿ, ಮಾಲನ್ನು ಹಳಿಯಬೇಡಿ. ಮಾರುವವರು ಮರ್ಯಾದಸ್ಥರಾಗಿದ್ದರೆ ನಂಬಿಬಿಡುತ್ತಾರೆ. ಮಾತು ಮುಗಿದ ಮೇಲೆ ಶನಿವಾರವಾದರೂ ಎತ್ತಿಕೊಂಡೇ ಬನ್ನಿ. ಮನೆಯೊಳಗೆ ಬೇಡವೆಂದರೆ ಆ ರಾತ್ರಿ ಗಾಡಿಯಲ್ಲೇ ಇರಲಿ, ಮೇಲೊಂದು ಟಾರ್ಪಾಲು ಕಟ್ಟಿ.