ಹರಿದ ಲಾಡಿಗೂ ಒಂದು ಟೈಮ್

ಸಾಫ್ಟ್‌ಬಾಲ್ ಪಂದ್ಯದಲ್ಲಿ ಅಂಪೈರ್ ಎರಡೂ ಕೈಯೆತ್ತಿ ‘ಟೈಮ್’ ಎಂದರೆ ಆಟ ಅಲ್ಲಿಗೇ ನಿಲ್ಲಬೇಕು. ಆದರೆ ಚೆಂಡು ಆಟದಲ್ಲಿರುವಾಗ ಹಾಗೆನ್ನಬಾರದು. ಯಾರಿಗಾದರೂ ಜೋರು ಪೆಟ್ಟಾದರೆ ಮಾತ್ರ ಬೇರೆ ಮಾತು. ಈ ನಿಯಮ ನನಗೆ ಬಾಯಿಪಾಠ. ಬಾಯಿಪಾಠವಿದ್ದೂ ಮುರಿದೆ. ಬೇಕಾದರೆ ಇನ್ನೊಮ್ಮೆ ಮುರಿಯುತ್ತೇನೆ. ಬೈಯುವವರು ಬೈಯಲಿ.

ಎಂಬತ್ತರ ದಶಕದ ಕೊನೆ. ಚಿಕ್ಕೋಡಿಯಲ್ಲಿ ಹೆಣ್ಣುಮಕ್ಕಳ ಶಾಲಾ ಪಂದ್ಯ. ದೈಹಿಕ ಶಿಕ್ಷಕಿಯಾಗಿದ್ದ ನಾನೇ ಅಂಪೈರ್. ಸಾಫ್ಟ್‌ಬಾಲನ್ನು ಕ್ರಿಕೆಟ್ಟಿನ ತಂಗಿ ಎಂದುಕೊಂಡವರೇ ಆಗ ಹೆಚ್ಚು. ಆದರೂ ಹುಡುಗಿಯರು ಓಡುತ್ತಾರೆಂಬ ಸುದ್ದಿಗೆ ಬೇಲಿಯ ಸುತ್ತ ಗಂಡಸರು ಕಿಕ್ಕಿರಿದಿದ್ದರು.

ಜುಗೂಳದ ಮಹಾದೇವಿ ಬೀಸಿ ಹೊಡೆದು, ಸುತ್ತಿ ಬರಬೇಕಾದ ನಾಲ್ಕು ಬೇಸ್‌ಗಳಲ್ಲಿ ಎರಡನೆಯದನ್ನು ಮುಟ್ಟಿ ಮೂರನೆಯದರತ್ತ ಓಡಿದಳು. ತೊಟ್ಟದ್ದು ಅಣ್ಣನ ಪೈಜಾಮ. ನಡುದಾರಿಯಲ್ಲಿ ಅದರ ಲಾಡಿ ಹರಿಯಿತು. ಹುಡುಗಿ ಸೊಂಟ ಹಿಡಿದು ಕುಳಿತೇಬಿಟ್ಟಳು. ಬೇಲಿಯಾಚೆಯಿಂದ ಸಿಳ್ಳೆ. ಎದುರಾಳಿ ಹುಡುಗಿಯೊಬ್ಬಳು ಚೆಂಡನ್ನು ಅವಳಿಗೆ ತಾಗಿಸಿ ಔಟ್ ಮಾಡಲು ಓಡಿಬಂದಳು.

ನಾನು ಕೈಯೆತ್ತಿದೆ. “ಟೈಮ್!”

ಓಡಿಬಂದವಳು ಚೆಂಡು ಕೆಳಗಿಟ್ಟು ತನ್ನ ಜಡೆಯ ರಿಬ್ಬನ್ ಬಿಚ್ಚಿಕೊಟ್ಟಳು. ಎರಡೂ ತಂಡದವರು ಮಹಾದೇವಿಯ ಸುತ್ತ ಗೋಡೆಯಂತೆ ನಿಂತರು.

ಎದುರಾಳಿ ತಂಡದ ಮಗದುಮ್ ಮಾಸ್ತರರು ಧಾವಿಸಿ ಬಂದರು. “ಬಾಯಾರ, ಇದು ಯಾವ ರೂಲಿನ್ಯಾಗ ಐತ್ರಿ? ಆಕಿಗೆ ಪೆಟ್ಟರ ಎಲ್ಲಿ ಬಿದ್ದೈತ್ರಿ?”

“ಬಿದ್ದೈತ್ರಿ ಸರ. ನಿಮಗ ಕಾಣವಲ್ದು, ಅಷ್ಟ.”

ಮಹಾದೇವಿಯನ್ನು, ಅವಳು ಕೊನೆಗೆ ಮುಟ್ಟಿದ್ದ ಎರಡನೆಯ ಬೇಸಿಗೇ ಕಳಿಸಿದೆ. ಅವಳು ಔಟ್ ಎಂದು ಮಾಸ್ತರರ ವಾದ. ಮೂರನೆಯ ಬೇಸ್ ಅವಳದೇ ಎಂದು ಅವಳ ಕಡೆಯವರ ವಾದ. ಇಬ್ಬರಿಗೂ ಸಿಟ್ಟು ಬಂದದ್ದು ನೋಡಿ, ನನ್ನ ತೀರ್ಪು ಸರಿಯಿರಬೇಕು ಎಂದುಕೊಂಡೆ.

ಮುಂದಿನ ಹೊಡೆತಕ್ಕೇ ಮಹಾದೇವಿ, ಸೊಂಟಕ್ಕೆ ರಿಬ್ಬನ್ ಬಿಗಿದುಕೊಂಡು, ಕೊನೆಯ ಬೇಸ್ ಆದ ಹೋಮ್ ತನಕ ಓಡಿ ರನ್ ತಂದಳು. ಸಿಳ್ಳೆ ಹೊಡೆದವರೇ ಚಪ್ಪಾಳೆ ತಟ್ಟಿದರು. ನನಗೆ ಅದಕ್ಕೂ ಸಿಟ್ಟೇ ಬಂತು.

ಅವಳ ತಂಡ ಸೋತಿತು. ಸಂಜೆ ಸಂಘಟಕರು ನನ್ನನ್ನು ಕರೆದು, “ತಪ್ಪಾತು ಅನ್ರಿ ಬಾಯಾರ, ಮುಗದ ಹೋಗ್ಲಿ” ಎಂದರು.

“ಅನ್ನಂಗಿಲ್ರಿ” ಎಂದೆ.

ಮರುವರ್ಷ ಅಂಪೈರ್ ಕೆಲಸಕ್ಕೆ ಕರೆ ಬರಲಿಲ್ಲ. “ಒಂದ ಮಾತು ಅಂದಿದ್ರ ನಿನ್ನ ಗಂಟ ಏನ್ ಹೋಗ್ತಿತ್ತ?” ಎಂದು ಅವ್ವ ಗೊಣಗಿದಳು. ನಾನು ಬಸ್ ಹತ್ತಿ ಹೋಗಿ, ಸಂಘಟಕರ ಎದುರಿಗೇ ಕುಳಿತು ಇಡೀ ಪಂದ್ಯ ನೋಡಿ ಬಂದೆ.

ನಿಯಮ ಬರೆದವರು ತಿಳಿದವರೇ ಇರಬೇಕು. ಜಾರುವ ಪೈಜಾಮ ಹಿಡಿದು, ಸಿಳ್ಳೆಗಳ ನಡುವೆ ಕುಳಿತವರಂತೂ ಇರಲಿಕ್ಕಿಲ್ಲ.