ಬಾಗಿಲ ಮೇಲೆ ತೂಗಿದ ಕಂಬಗಳ್ಳಿ

ಮದುವೆಯಾಗಿ ಮಧುಗಿರಿಗೆ ಬಂದಾಗ ತವರಿನಿಂದ ನಾನು ಹಟ ಮಾಡಿ ತಂದದ್ದು ಮೊಳದುದ್ದದ ಒಂದು ಕಳ್ಳಿ ತುಂಡು. ಪಾವಗಡದ ಅಮಲ್ದಾರರ ಬಂಗಲೆಯಿಂದ ಅಪ್ಪ ಕೇಳಿ ತಂದು ಬೆಳೆಸಿದ್ದ ಕಂಬಗಳ್ಳಿಯದು. ಬೇಲಿಯ ಕಳ್ಳಿಯಂತೆ ಅಡ್ಡಾದಿಡ್ಡಿ ಹಬ್ಬುವ ಜಾತಿಯಲ್ಲ. ನೆಟ್ಟಗೆ ಮೇಲಕ್ಕೇ ಹೋಗುವಂಥದ್ದು. “ನೀರು ತೋರಿಸ್ಬ್ಯಾಡ, ಬಿಸ್ಲು ತೋರ್ಸು ಸಾಕು,” ಎಂದಿದ್ದ ಅಪ್ಪ. ಮರುವರ್ಷ ಅವನು ತೀರಿಕೊಂಡ. ಕೊಟ್ಟಿಗೆ ಕಟ್ಟಲು ಅಣ್ಣ ಅಲ್ಲಿನ ಗಿಡವನ್ನು ಕಡಿಸಿದ. ಅಪ್ಪನದೆಂದು ನನಗೆ ಉಳಿದದ್ದು ನಮ್ಮ ಹಿತ್ತಲಿನ ಆ ಕಳ್ಳಿಯೊಂದೇ.

ಅದು ನನ್ನ ಎದೆಯೆತ್ತರ ಬೆಳೆದಿದ್ದಾಗ ಹಿತ್ತಲಿನ ಬಿಲ್ವದ ಗಿಡ ಒಣಗಿತು. ಮಾವ ದಿನವೂ ಲಿಂಗಪೂಜೆಯ ನೀರನ್ನು ಬಿಲ್ವದ ಬುಡಕ್ಕೆ ಸುರಿಯುತ್ತಿದ್ದರು. ಆ ನೀರನ್ನು ಯಾರೂ ತುಳಿಯಬಾರದಲ್ಲ? ಮುಳ್ಳಿನ ಹತ್ತಿರ ಯಾರು ತಾನೇ ಕಾಲಿಡುತ್ತಾರೆ ಎಂದು ಕಳ್ಳಿಯ ಬುಡವನ್ನು ಆರಿಸಿಕೊಂಡರು. ಭಕ್ತಿ ಹೆಚ್ಚಾಗಿ ಜೊತೆಗೊಂದು ಬಿಂದಿಗೆ ನೀರು ಬೇರೆ!

ನನಗೆ ಅಪ್ಪನ ಮಾತು ನೆನಪಾಯಿತು. ಮಾವನಿಗೆ ಎದುರಾಡುವುದುಂಟೆ? ಅತ್ತೆಯ ಕಿವಿಗೆ ಹಾಕಿದೆ.

“ಲಿಂಗದ ನೀರು ಬಿದ್ರೆ ಗಿಡ ಕೊಳೀತದಾ? ಸುಮ್ಕಿರು,” ಎಂದರು.

ಕೊಳೆಯಿತು. ಬುಡ ಕಪ್ಪಾಗಿ ಮೆತ್ತಗಾಗಿ, ಒಂದು ಬೆಳಿಗ್ಗೆ ಕಳ್ಳಿ ಗೋಡೆಗೆ ಒರಗಿ ನಿಂತಿತ್ತು. ಅಪ್ಪ ಎರಡನೇ ಸಲ ಸತ್ತನೆಂದು ನಾನು ಬಿಕ್ಕಿಬಿಕ್ಕಿ ಅತ್ತುಬಿಟ್ಟೆ.

ಅತ್ತೆಗೂ ಕರುಳು ಚುರುಕ್ ಎಂದಿರಬೇಕು. ಕುಡುಗೋಲು ತಂದು ಮೇಲಿನ ಹಸಿರು ತುಂಡನ್ನು ಕತ್ತರಿಸಿದರು. “ಅಳ್ಬ್ಯಾಡ ಕಣಮ್ಮ, ಬಾಗ್ಲಿಗೆ ಕಟ್ತೀನಿ. ದಿಷ್ಟಿಗಾದ್ರೂ ಆಯ್ತದೆ,” ಎಂದು ದೃಷ್ಟಿ ತಾಗದಂತೆ ತಲೆಬಾಗಿಲಿನ ಮೇಲೆ ತಲೆಕೆಳಗಾಗಿ ತೂಗುಹಾಕಿದರು. ಹೋಗುವಾಗ ಬರುವಾಗ ಅದನ್ನು ನೋಡಲಾರದೆ ನಾನು ತಲೆ ತಗ್ಗಿಸುತ್ತಿದ್ದೆ.

ಬೇಸಿಗೆ ಕಳೆಯಿತು. ಒಂದು ದಿನ ಜಗಲಿಯಿಂದ ಮಾವ ಕೂಗಿದರು. ಓಡಿ ಹೋಗಿ ನೋಡಿದೆ. ಮಣ್ಣಿಲ್ಲ, ಹನಿ ನೀರಿಲ್ಲ. ಆದರೂ ಕಳ್ಳಿಯ ತುದಿ ಕೊಕ್ಕೆಯ ಹಾಗೆ ಬಾಗಿ ಮತ್ತೆ ಆಕಾಶಕ್ಕೆ ಮುಖ ಎತ್ತಿತ್ತು! ಎಳೆಹಸಿರು ಚಿಗುರು ಗೇಣುದ್ದ ಬಂದಿತ್ತು. ಕತ್ತರಿಸಿದ ಗಾಯ ಒಣಗಿ ಗಟ್ಟಿಯಾಗಿ, ಅದರ ಅಂಚಿನಿಂದ ಬಿಳಿ ಬೇರುಗಳು ಇಣುಕುತ್ತಿದ್ದವು. ನಾನು ಕೈ ಮುಗಿದೆ. ಯಾರಿಗೆಂದು ಗೊತ್ತಿಲ್ಲ.

“ಏನೂ ಇಲ್ದೆ ಬದುಕ್ಬುಟ್ಟೈತೆ. ನೀರು ಹುಯ್ದು ಕೊಂದೋನು ನಾನು,” ಎಂದರು ಮಾವ. ಆಮೇಲೆ ತಾವೇ ಅದನ್ನು ಇಳಿಸಿಕೊಂಡು ನನ್ನ ಕಡೆ ತಿರುಗಿದರು. “ನಿಮ್ಮಪ್ಪ ಹೆಂಗೆ ನೆಡಾಕೆ ಹೇಳಿದ್ರಮ್ಮ?”

ನಾನು ಹೇಳಿದಂತೆ ಹಿತ್ತಲಿನ ಮೂಲೆಯ ಒಣ ಗರಸು ಮಣ್ಣಿನಲ್ಲಿ ನೆಟ್ಟರು. ನಾಲ್ಕಾರು ವರ್ಷಗಳಲ್ಲಿ ಆ ಕೊಕ್ಕೆಯಿಂದಲೇ ಕಂಬ ಎದ್ದು ಮಾಳಿಗೆ ದಾಟಿತು. ಒಂದು ದಿನ ಬೆಳಕು ಹರಿಯುತ್ತಲೇ ಕಸ ಗುಡಿಸಲು ಹೋದವಳು ಪೊರಕೆ ಹಿಡಿದೇ ನಿಂತುಬಿಟ್ಟೆ. ಆ ಮುಳ್ಳಿನ ಮೈಯಲ್ಲಿ ಅಂಗೈಗಿಂತ ದೊಡ್ಡದಾದ ಬಿಳಿ ಹೂವು. ಒಳಗೆ ಜೇನುಹುಳಗಳು ಮುತ್ತಿದ್ದವು.

ಮಾವ ಕೀಳುತ್ತಾರೆಂದುಕೊಂಡೆ. ಪೂಜೆಯ ಹೊತ್ತಿಗೆ ಯಾವ ಗಿಡದಲ್ಲೂ ಹೂವು ಉಳಿಸುವವರಲ್ಲ ಅವರು. ಕೀಳಲಿಲ್ಲ. ಅಂಗೈಯಲ್ಲಿ ಲಿಂಗ ಹಿಡಿದು ಅದರೆದುರು ನೆಲದ ಮೇಲೇ ಕೂತರು. ಪೂಜೆ ಮುಗಿದ ಮೇಲೆ ನೀರಿನ ಬಟ್ಟಲು ಹಿಡಿದು, ಕಳ್ಳಿಯನ್ನು ಬಳಸಿಕೊಂಡು, ಆಚೆ ತೆಂಗಿನ ಬುಡಕ್ಕೆ ನಡೆದರು.

“ನಿಮ್ಮಪ್ಪ ನೋಡ್ಬೇಕಿತ್ತು ಕಣಮ್ಮ,” ಎಂದರು.